ಬಿಳಿ ಬೆಕ್ಕಿನ ಮೈಗೆ ಗ್ರೀಸ್, ಅರಿಶಿನ, ಇಲಿ ಅಂಟು ಮೆತ್ತಿಕೊಂಡರೆ ಏನು ಮಾಡಬೇಕು? ಏನು ಮಾಡಲೇಬಾರದು?

ಕಿರಾಣಿ ಅಂಗಡಿ, ಅಕ್ಕಿ ಗಿರಣಿ, ಬೇಕರಿ, ಹೋಟೆಲ್ ಹಿಂದಿನ ಗೋಡೌನ್. ಇಲಿ ಕಾಟ ಇರುವ ಕಡೆಯೆಲ್ಲ ಒಂದು ಬೆಕ್ಕು ಇದ್ದೇ ಇರುತ್ತದೆ. ಕರಿ ಬೆಕ್ಕು, ಬೂದು ಪಟ್ಟೆ ಬೆಕ್ಕು ಎಷ್ಟೇ ಗಲೀಜಾದರೂ ಬೇಗ ಗೊತ್ತಾಗಲ್ಲ. ಬಿಳಿ, ಕೆನೆ ಬಣ್ಣದ, ತಿಳಿ ಕೇಸರಿ ಬೆಕ್ಕಿನ ಕಥೆ ಹಾಗಲ್ಲ. ಬೈಕಿನ ಕೆಳಗೆ ನುಸುಳಿ ಬಂದರೆ ಬೆನ್ನ ಮೇಲೆ ಗ್ರೀಸ್, ಮಸಾಲೆ ಮೂಟೆ ಮೇಲೆ ಮಲಗಿದರೆ ಹೊಟ್ಟೆಗೆ ಅರಿಶಿನ, ಒಲೆ ಬುಡದಲ್ಲಿ ಮಲಗಿದರೆ ಮೈತುಂಬಾ ಬೂದಿ. ಅದನ್ನು ನೋಡಿದ ಕೂಡಲೇ ಕೈಗೆ ಸಿಕ್ಕಿದ ಸೋಪು, ಸೀಮೆಎಣ್ಣೆ, ಫಿನಾಯಿಲ್ ಹಾಕಿ ಉಜ್ಜುವವರೇ ಹೆಚ್ಚು.

ತೊಂದರೆ ಶುರುವಾಗೋದು ಅಲ್ಲೇ. ಬಹಳಷ್ಟು ಸಲ ಕೊಳೆಯಿಂದ ಬೆಕ್ಕಿಗೆ ಏನೂ ಆಗಿರಲ್ಲ, ಕೊಳೆ ತೆಗೆಯಲು ಹಾಕಿದ ವಸ್ತುವೇ ವಿಷವಾಗುತ್ತದೆ. ಯಾವ ಕಲೆಗೆ ಏನು ಹಾಕಬಹುದು, ಯಾವುದನ್ನು ಮುಟ್ಟಲೇಬಾರದು, ಯಾವಾಗ ನೇರ ಪಶು ವೈದ್ಯರ ಬಳಿ ಓಡಬೇಕು ಅನ್ನುವ ಪೂರ್ತಿ ಮಾಹಿತಿ ಇಲ್ಲಿದೆ.

ಬೆಕ್ಕಿಗೆ ಬೇರೆ ನಿಯಮ ಯಾಕೆ?

ನಾಯಿಗೆ, ದನಕ್ಕೆ ಹಾಕುವುದನ್ನೆಲ್ಲ ಬೆಕ್ಕಿಗೆ ಹಾಕಲು ಬರಲ್ಲ. ಇದಕ್ಕೆ ಮೂರು ಕಾರಣ.

ಮೊದಲನೆಯದು ನೆಕ್ಕುವ ಅಭ್ಯಾಸ. ಬೆಕ್ಕಿನ ನಾಲಿಗೆ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ಅದೇ ಅದರ ಬಾಚಣಿಗೆ. ಮೈಗೆ ಏನೇ ಅಂಟಿದರೂ ಅದನ್ನು ನೆಕ್ಕಿಯೇ ತೆಗೆಯಲು ನೋಡುತ್ತದೆ. ಅಂದರೆ ಬೆಕ್ಕಿನ ಮೈಗೆ ಹಾಕಿದ್ದು ಸ್ವಲ್ಪ ಹೊತ್ತಿನಲ್ಲಿ ಅದರ ಹೊಟ್ಟೆಗೆ ಹೋಗುತ್ತದೆ ಅಂತಲೇ ಲೆಕ್ಕ.

ಎರಡನೆಯದು ಲಿವರ್. ಫಿನಾಲ್ ಜಾತಿಯ ರಾಸಾಯನಿಕ ಮತ್ತು ಕೆಲವು ಔಷಧಿಗಳನ್ನು ಒಡೆದು ಮೂತ್ರದಲ್ಲಿ ಹೊರಹಾಕಲು ಮನುಷ್ಯರ ಲಿವರ್‌ನಲ್ಲಿ ಒಂದು ಕಿಣ್ವ ಇದೆ. ಬೆಕ್ಕಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ನಮಗೆ ಏನೂ ಮಾಡದ ಪ್ರಮಾಣವೇ ಬೆಕ್ಕಿನ ಮೈಯಲ್ಲಿ ಉಳಿದು ವಿಷವಾಗುತ್ತದೆ. ಜ್ವರಕ್ಕೆ ನುಂಗುವ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು ಅನ್ನುವುದಕ್ಕೂ ಇದೇ ಕಾರಣ.

ಮೂರನೆಯದು ಚರ್ಮ. ಬೆಕ್ಕಿನ ಚರ್ಮ ತೆಳು, ಸಡಿಲ. ಗಟ್ಟಿಯಾಗಿ ಉಜ್ಜಿದರೆ ಸಿಪ್ಪೆ ಏಳುತ್ತದೆ, ಕತ್ತರಿ ತಾಗಿದರೆ ಸುಲಭವಾಗಿ ಹರಿಯುತ್ತದೆ.

ಮೊದಲು ನೋಡಿ: ಇದು ಕೊಳೆಯೋ, ಕಾಯಿಲೆಯೋ?

ತಿಳಿ ಬಣ್ಣದ ಬೆಕ್ಕಿನ ಮೈಮೇಲೆ ಕಾಣೋದೆಲ್ಲ ಕೊಳೆ ಅಲ್ಲ. ನೀರು ಕಾಯಿಸುವ ಮೊದಲು ಐದು ನಿಮಿಷ ಬೆಳಕಿನಲ್ಲಿ ಕೂರಿಸಿಕೊಂಡು ಕೂದಲು ಬಿಡಿಸಿ ನೋಡಬೇಕು.

ಕೂದಲು ಮಾತ್ರ ಹಳದಿ ಆಗಿದ್ದರೆ ಅರಿಶಿನವೋ ಮೂತ್ರದ ಕಲೆಯೋ ಇರಬಹುದು. ಆದರೆ ಒಸಡು, ಕಣ್ಣಿನ ಬಿಳಿ ಭಾಗ, ಕಿವಿಯ ಒಳಗಿನ ಚರ್ಮ ಹಳದಿ ಕಂಡರೆ ಅದು ಕಾಮಾಲೆ. ತೊಳೆದರೆ ಹೋಗಲ್ಲ. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಬೆನ್ನ ಮೇಲೆ, ಬಾಲದ ಬುಡದಲ್ಲಿ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಇದ್ದರೆ ಚಿಗಟ ಇರಬಹುದು. ಪರೀಕ್ಷೆ ಸುಲಭ. ಬಾಚಿ ಸಿಕ್ಕಿದ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಬಾಲದ ಮೇಲ್ಭಾಗ, ಬುಡದ ಹತ್ತಿರ ಜಿಡ್ಡು ಜಿಡ್ಡಾಗಿ ಹಳದಿ ಮಿಶ್ರಿತ ಕಂದು ಬಣ್ಣ ಇದ್ದರೆ ಅಲ್ಲಿರುವ ಜಿಡ್ಡಿನ ಗ್ರಂಥಿಯ ಕೆಲಸ. ಸಂತಾನಹರಣ ಆಗದ ಗಂಡು ಬೆಕ್ಕುಗಳಲ್ಲಿ ಇದು ಜಾಸ್ತಿ. ಗದ್ದದ ಮೇಲೆ ಕಪ್ಪು ಚುಕ್ಕಿ ಇದ್ದರೆ ಬೆಕ್ಕಿನ ಮೊಡವೆ. ಊಟಕ್ಕೆ ಪ್ಲಾಸ್ಟಿಕ್ ತಟ್ಟೆ ಬಿಟ್ಟು ಸ್ಟೀಲ್ ತಟ್ಟೆ ಇಟ್ಟರೆ ಎಷ್ಟೋ ಸಲ ಕಡಿಮೆಯಾಗುತ್ತದೆ. ಕಿವಿಯ ಒಳಗೆ ಕಾಫಿ ಪುಡಿಯಂಥ ಕಪ್ಪು ಗಲೀಜು, ಜೊತೆಗೆ ಕಿವಿ ಕೆರೆತ ಇದ್ದರೆ ಕಿವಿ ನುಸಿ. ಬಡ್ಸ್ ಹಾಕಿ ತಿರುವಬಾರದು, ಔಷಧಿ ಬೇಕು.

ಬಿಳಿ ಬೆಕ್ಕು ಸಾಕಿದವರು ಮುಖ್ಯವಾಗಿ ಗಮನಿಸಬೇಕಾದ್ದು ಕಿವಿಯ ಅಂಚು ಮತ್ತು ಮೂಗಿನ ತುದಿ. ಬಿಳಿ ಕೂದಲಿನ ಕೆಳಗಿನ ಚರ್ಮಕ್ಕೆ ಬಣ್ಣದ ರಕ್ಷಣೆ ಇರಲ್ಲ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಮೊದಲು ಕೆಂಪಾಗಿ, ಆಮೇಲೆ ಹಕ್ಕಳೆ ಕಟ್ಟಿ, ಕೊನೆಗೆ ಚರ್ಮದ ಕ್ಯಾನ್ಸರ್ ಆಗುವ ಸಾಧ್ಯತೆ ಬಿಳಿ ಬೆಕ್ಕುಗಳಲ್ಲಿ ಹೆಚ್ಚು. ಕಿವಿ ತುದಿಯ ವಾಸಿಯಾಗದ ಕಪ್ಪು ಹಕ್ಕಳೆಯನ್ನು ಕೊಳೆ ಅಂತ ಉಗುರಿನಿಂದ ಕೆರೆಯಬೇಡಿ, ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಯಾವಾಗಲೂ ಬೆಳ್ಳಗೆ ಇರುತ್ತಿದ್ದ ಬೆಕ್ಕು ಕಾರಣ ಇಲ್ಲದೆ ದಿನೇ ದಿನೇ ಕೊಳಕಾಗುತ್ತಿದೆ ಅಂದರೆ ಅದು ನೆಕ್ಕಿಕೊಳ್ಳುವುದನ್ನೇ ಬಿಟ್ಟಿದೆ ಅಂತ ಅರ್ಥ. ಹಲ್ಲು ನೋವು, ವಯಸ್ಸಾದ ಬೆಕ್ಕಿನ ಕೀಲು ನೋವು, ಅತಿಯಾದ ಬೊಜ್ಜು, ಕಿಡ್ನಿ ತೊಂದರೆ, ಯಾವುದೂ ಇರಬಹುದು. ಅಲ್ಲಿ ಬೇಕಾಗಿರೋದು ಶಾಂಪೂ ಅಲ್ಲ.

ಅಂಗಡಿಯಲ್ಲೇ ಇರುತ್ತೆ, ಆದರೆ ಬೆಕ್ಕಿಗೆ ಹಾಕಲೇಬಾರದು

• ಫಿನಾಯಿಲ್ ಮತ್ತು ಆಂಟಿಸೆಪ್ಟಿಕ್ ದ್ರಾವಣ: ನೆನಪಿಡಲು ಸುಲಭದ ಗುರುತು ಒಂದಿದೆ. ನೀರಿಗೆ ಹಾಕಿದಾಗ ನೀರು ಹಾಲಿನಂತೆ ಬೆಳ್ಳಗಾದರೆ ಅದನ್ನು ಬೆಕ್ಕಿನ ಹತ್ತಿರವೂ ತರಬೇಡಿ. ಗಾಯಕ್ಕೂ ಬೇಡ, ಸ್ನಾನದ ನೀರಿಗೂ ಬೇಡ.

• ನೆಲ ಒರೆಸುವ ಲಿಕ್ವಿಡ್: ಕೆಲವದರಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಸಾಕು, ಬೆಕ್ಕಿನ ಬಾಯಿ, ನಾಲಿಗೆ ಹುಣ್ಣಾಗುತ್ತದೆ.

• ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್, ಥಿನ್ನರ್, ಟರ್ಪೆಂಟೈನ್: ಗ್ರೀಸ್, ಪೇಂಟ್ ಬೇಗ ಹೋಗುತ್ತದೆ ನಿಜ. ಆದರೆ ಚರ್ಮ ಸುಡುತ್ತದೆ. ನೆಕ್ಕಿದಾಗ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

• ಬ್ಲೀಚಿಂಗ್ ಪೌಡರ್, ಬ್ಲೀಚ್, ಹೈಡ್ರೋಜನ್ ಪೆರಾಕ್ಸೈಡ್: ಬಟ್ಟೆ ಬಿಳುಪಾಗುವ ಹಾಗೆ ಬೆಕ್ಕು ಬಿಳುಪಾಗಲ್ಲ. ಚರ್ಮ ಸುಡುತ್ತದೆ.

• ಬಟ್ಟೆಗೆ ಹಾಕುವ ನೀಲಿ, ಡಿಟರ್ಜೆಂಟ್ ಪುಡಿ, ಬಟ್ಟೆ ಸೋಪು, ಪಾತ್ರೆ ಉಜ್ಜುವ ಬಿಲ್ಲೆ: ಯಾವುದೂ ಬೇಡ. ಮೈ ಸೋಪು ಕೂಡ ಬೆಕ್ಕಿನ ಚರ್ಮಕ್ಕೆ ಕ್ಷಾರ ಜಾಸ್ತಿ.

• ನಾಯಿಯ ಚಿಗಟದ ಶಾಂಪೂ, ಪೌಡರ್, ಡ್ರಾಪ್ಸ್: ಇವುಗಳಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಸಾಯಬಹುದು. ದನಕ್ಕೆ ಉಣ್ಣೆಗೆ ಹೊಡೆಯುವ ಔಷಧಿಯೂ ಅಷ್ಟೇ. ಡಬ್ಬದ ಮೇಲೆ ಬೆಕ್ಕಿಗೆ ಅಂತ ಬರೆದಿರದಿದ್ದರೆ ಬಳಸಬೇಡಿ.

• ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆ, ಕಿತ್ತಳೆ ಸಿಪ್ಪೆ ಎಣ್ಣೆ: ನೈಸರ್ಗಿಕ ಅಂದಮಾತ್ರಕ್ಕೆ ಸುರಕ್ಷಿತ ಅಲ್ಲ. ಸುಗಂಧ ತೈಲಗಳು ಬೆಕ್ಕಿಗೆ ವಿಷ.

• ಸೀಗೆಕಾಯಿ, ಅಂಟುವಾಳ: ಕಣ್ಣಿಗೆ ಬಿದ್ದರೆ ನಮಗೇ ತಡೆಯಲು ಆಗಲ್ಲ. ಒದ್ದಾಡುವ ಬೆಕ್ಕಿನ ಕಣ್ಣಿಗೆ ಬೀಳದ ಹಾಗೆ ಹಾಕುವುದು ಕಷ್ಟ. ಬಿಟ್ಟುಬಿಡುವುದೇ ವಾಸಿ.

ಏನೇನು ಬೇಕು?

ದೊಡ್ಡ ಖರ್ಚೇನೂ ಇಲ್ಲ. ಎರಡು ಹಳೇ ಟವೆಲ್, ಒಂದು ಅಗಲ ಹಲ್ಲಿನ ಬಾಚಣಿಗೆ, ಒಂದು ಸಣ್ಣ ಹಲ್ಲಿನ ಬಾಚಣಿಗೆ, ಮೆತ್ತಗಿನ ಹಳೇ ಟೂತ್‌ಬ್ರಷ್, ಒಂದಿಷ್ಟು ಕಾರ್ನ್‌ಫ್ಲೋರ್, ಅಡುಗೆ ಎಣ್ಣೆ, ಎರಡು ಅಗಲದ ಟಬ್, ಒಂದು ಮಗ್. ಶಾಂಪೂ ವಿಷಯಕ್ಕೆ ಬಂದರೆ ಬೆಕ್ಕಿಗೆಂದೇ ಬರುವ ಶಾಂಪೂ ಒಳ್ಳೆಯದು. ಸಿಗದಿದ್ದರೆ ಒಂದೆರಡು ಸಲಕ್ಕೆ ವಾಸನೆ ಕಡಿಮೆ ಇರುವ ಬೇಬಿ ಶಾಂಪೂ ನಡೆಯುತ್ತದೆ. ತಲೆಹೊಟ್ಟಿನ ಶಾಂಪೂ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಬರೀ ಎಣ್ಣೆ, ಗ್ರೀಸ್ ಬಿದ್ದಾಗ ಮಾತ್ರ. ಅದೂ ಒಂದು ಮಗ್ ನೀರಿಗೆ ನಾಲ್ಕೈದು ಹನಿ ಹಾಕಿ ಕಲಸಿ, ಆಮೇಲೆ ಪೂರ್ತಿ ತೊಳೆದು ತೆಗೆಯಬೇಕು. ಗಾಢ ನಿಂಬೆ ವಾಸನೆಯದ್ದು ಬೇಡ.

ನೀರಿಗಿಂತ ಮೊದಲು ಬಾಚಣಿಗೆ

ಮುಕ್ಕಾಲು ಪಾಲು ಕೊಳೆ ನೀರಿಲ್ಲದೆಯೇ ಹೋಗುತ್ತದೆ. ಕೆಸರು, ಕೆಮ್ಮಣ್ಣು ಮೆತ್ತಿಕೊಂಡಿದ್ದರೆ ಹಸಿ ಇದ್ದಾಗ ಉಜ್ಜಬೇಡಿ, ಉಜ್ಜಿದಷ್ಟೂ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಬೆರಳಿನಿಂದ ಪುಡಿ ಮಾಡಿ, ಕೂದಲು ಬೆಳೆದ ದಿಕ್ಕಿಗೇ ಬಾಚಬೇಕು. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಗಂಟು ಕಟ್ಟಿದ ಕೂದಲು ಇದ್ದರೆ ಅದನ್ನೂ ಒಣಗಿದ್ದಾಗಲೇ ಬಿಡಿಸಬೇಕು. ನೀರು ತಾಗಿದರೆ ಗಂಟು ಇನ್ನೂ ಬಿಗಿಯುತ್ತದೆ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಗಂಟಿನ ಬುಡವನ್ನು ಎರಡು ಬೆರಳಿನಲ್ಲಿ ಹಿಡಿದು, ತುದಿಯಿಂದ ಶುರುಮಾಡಿ ನಿಧಾನಕ್ಕೆ ಬಿಡಿಸಿ. ಕತ್ತರಿ ಹಾಕಬೇಡಿ. ಗಂಟಿನ ಜೊತೆ ಚರ್ಮವೂ ಮೇಲೆದ್ದು ಬಂದಿರುತ್ತದೆ, ಗೊತ್ತಾಗದೆ ಚರ್ಮವೇ ಕತ್ತರಿಸಿ ಹೋಗುತ್ತದೆ. ಚರ್ಮಕ್ಕೆ ಅಂಟಿದ ಗಂಟನ್ನು ಪಶು ಆಸ್ಪತ್ರೆಯಲ್ಲಿ ಟ್ರಿಮ್ಮರ್ ಹಾಕಿ ತೆಗೆಸುವುದು ಕ್ಷೇಮ.

ಸ್ನಾನ ಮಾಡಿಸಲೇಬೇಕಾದರೆ ಹೀಗೆ

ಆರೋಗ್ಯವಾಗಿರುವ ನಾಡು ಬೆಕ್ಕಿಗೆ ಮಾಮೂಲಿಯಾಗಿ ಸ್ನಾನವೇ ಬೇಕಿಲ್ಲ. ವಾರಕ್ಕೊಮ್ಮೆ ತಲೆಗೆ ನೀರು ಹಾಕುವ ಲೆಕ್ಕ ಬೆಕ್ಕಿಗೆ ಇಲ್ಲ. ನೆಕ್ಕಿ ತೆಗೆಯಲು ಆಗದಂಥದ್ದು, ನೆಕ್ಕಿದರೆ ಅಪಾಯ ಆಗುವಂಥದ್ದು ಅಂಟಿದಾಗ ಮಾತ್ರ ಸ್ನಾನ. ಎಂಟು ವಾರ ತುಂಬದ ಮರಿ, ಗಬ್ಬದ ಬೆಕ್ಕು, ಕಾಯಿಲೆ ಬಿದ್ದ ಬೆಕ್ಕು, ತೀರಾ ವಯಸ್ಸಾದ ಬೆಕ್ಕಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದಷ್ಟೇ ಸರಿ.

1. ಮಧ್ಯಾಹ್ನದ ಹೊತ್ತು ಆರಿಸಿಕೊಳ್ಳಿ. ಮಳೆಗಾಲದ ಸಂಜೆ ಬೇಡ. ಬಾಗಿಲು, ಕಿಟಕಿ ಹಾಕಿ. ಇಬ್ಬರು ಇದ್ದರೆ ಒಳ್ಳೆಯದು.

2. ಹಿಂದಿನ ದಿನವೇ ಉಗುರಿನ ಚೂಪು ತುದಿ ಮಾತ್ರ ತೆಗೆಯಿರಿ. ಒಳಗೆ ಗುಲಾಬಿ ಬಣ್ಣದಲ್ಲಿ ಕಾಣುವ ಭಾಗಕ್ಕೆ ತಾಗಿಸಬಾರದು, ರಕ್ತ ಬರುತ್ತದೆ.

3. ಟಬ್‌ನ ತಳಕ್ಕೆ ಹಳೇ ಟವೆಲ್ ಹಾಸಿ. ಕಾಲು ಜಾರಿದಾಗಲೇ ಬೆಕ್ಕು ಗಾಬರಿಯಾಗಿ ಪರಚುವುದು.

4. ನೀರು ಉಗುರುಬೆಚ್ಚಗೆ ಇರಲಿ. ಕೂಸಿಗೆ ಸ್ನಾನ ಮಾಡಿಸುವಾಗ ಮೊಣಕೈ ಅದ್ದಿ ನೋಡುವ ಹಾಗೆ ನೋಡಿ. ಬೆಕ್ಕಿನ ಮೈ ಬಿಸಿ ಸಹಜವಾಗಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹಾಗಾಗಿ ತಣ್ಣೀರು ಅದಕ್ಕೆ ಬೇಗ ಚಳಿ ಹಿಡಿಸುತ್ತದೆ.

5. ನೀರು ಹೊಟ್ಟೆಯ ಮಟ್ಟಕ್ಕಿಂತ ಕೆಳಗೇ ಇರಲಿ. ತಲೆ ಮೇಲೆ ಸುರಿಯಬೇಡಿ. ಕುತ್ತಿಗೆಯಿಂದ ಹಿಂದಕ್ಕೆ ಮಗ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ. ಮುಖಕ್ಕೆ ಒದ್ದೆ ಬಟ್ಟೆ ಸಾಕು.

6. ಶಾಂಪೂ ನೇರ ಮೈಗೆ ಹಾಕದೆ ನೀರಿನಲ್ಲಿ ಕಲಸಿ ಹಾಕಿ. ಕಲೆ ಇರುವ ಜಾಗಕ್ಕಷ್ಟೇ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿ.

7. ಎರಡನೇ ಟಬ್‌ನ ಶುದ್ಧ ನೀರಿನಿಂದ ತೊಳೆಯಿರಿ. ಕೈಗೆ ಜಾರುವ ಅನುಭವ ಹೋಗುವವರೆಗೂ ತೊಳೆಯಬೇಕು. ಶಾಂಪೂ ಉಳಿದರೆ ಅದು ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ.

8. ಟವೆಲ್‌ನಲ್ಲಿ ಸುತ್ತಿ ಒತ್ತಿ ಒತ್ತಿ ನೀರು ಹೀರಿಸಿ. ಉಜ್ಜಿದರೆ ಗಂಟಾಗುತ್ತದೆ. ಗಾಳಿ ಬೀಸದ ಬೆಚ್ಚನೆಯ ಜಾಗದಲ್ಲಿ ಪೂರ್ತಿ ಒಣಗುವವರೆಗೆ ಇರಲಿ. ಹೇರ್ ಡ್ರೈಯರ್ ಸದ್ದಿಗೆ ಹೆಚ್ಚಿನ ಬೆಕ್ಕುಗಳು ಹೆದರುತ್ತವೆ, ಹತ್ತಿರ ಹಿಡಿದರೆ ಚರ್ಮ ಸುಡುತ್ತದೆ.

ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ನಡುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅರ್ಧ ಕಲೆ ಉಳಿದರೆ ಉಳಿಯಲಿ.

ಯಾವ ಕಲೆಗೆ ಏನು?

ಅಡುಗೆ ಎಣ್ಣೆ, ತುಪ್ಪ, ವನಸ್ಪತಿ: ಹೋಟೆಲ್, ಬೇಕರಿ ಬೆಕ್ಕಿಗೆ ಇದು ಮಾಮೂಲಿ. ಕಾರ್ನ್‌ಫ್ಲೋರ್ ಧಾರಾಳವಾಗಿ ಉದುರಿಸಿ, ಹತ್ತು ನಿಮಿಷ ಟವೆಲ್‌ನಲ್ಲಿ ಸುತ್ತಿ ಇಟ್ಟುಕೊಂಡು ಬಾಚಿ. ಎರಡು ಮೂರು ಸಲ ಮಾಡಿದರೆ ಹೆಚ್ಚಿನ ಜಿಡ್ಡು ಪುಡಿಯ ಜೊತೆ ಬರುತ್ತದೆ. ಮುಖದ ಹತ್ತಿರ ಪುಡಿ ಹಾರದಂತೆ ನೋಡಿಕೊಳ್ಳಿ. ಮುಖಕ್ಕೆ ಹಚ್ಚುವ ಪೌಡರ್ ಬೇಡ, ಉಸಿರಾಟಕ್ಕೆ ತೊಂದರೆ. ಕಡಲೆಹಿಟ್ಟು ಜಿಡ್ಡು ಹೀರುತ್ತದೆ ನಿಜ, ಆದರೆ ಒದ್ದೆಯಾದರೆ ಕೂದಲಿಗೆ ಅಂಟಾಗಿ ಹಿಡಿಯುತ್ತದೆ.

ಗ್ರೀಸ್, ಇಂಜಿನ್ ಆಯಿಲ್: ಮೊದಲು ಬೆಕ್ಕು ನೆಕ್ಕದಂತೆ ಟವೆಲ್‌ನಲ್ಲಿ ಸುತ್ತಿ. ಹಳೇ ಬಟ್ಟೆಯಿಂದ ಒತ್ತಿ ಎಷ್ಟು ಬರುತ್ತದೋ ಅಷ್ಟು ತೆಗೆದು, ಕಾರ್ನ್‌ಫ್ಲೋರ್ ಹಾಕಿ ಬಾಚಿ. ಆಮೇಲೆ ನೀರಿನಲ್ಲಿ ಕಲಸಿದ ಪಾತ್ರೆ ಲಿಕ್ವಿಡ್‌ನಿಂದ ಆ ಜಾಗವನ್ನಷ್ಟೇ ತೊಳೆಯಿರಿ. ಒಂದೇ ಸಲಕ್ಕೆ ಪೂರ್ತಿ ಬೆಳ್ಳಗಾಗಬೇಕು ಅಂತ ಹಠ ಬೇಡ. ಮೈಯ ಬಹುಪಾಲು ಎಣ್ಣೆಯಲ್ಲಿ ನೆನೆದಿದ್ದರೆ ಮನೆಯಲ್ಲಿ ಪ್ರಯತ್ನ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

ರೇಡಿಯೇಟರ್ ಕೂಲೆಂಟ್: ಗ್ಯಾರೇಜ್‌ನವರು ಇದನ್ನು ಮರೆಯಬಾರದು. ಬಣ್ಣ ಬಣ್ಣದ ಕೂಲೆಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇದ್ದರೆ ಒಂದೆರಡು ಚಮಚ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹಾಳಾಗಿ ಸಾಯುತ್ತದೆ. ಮೈಗೆ ಅಥವಾ ಪಾದಕ್ಕೆ ಅಂಟಿದ್ದು ಕಂಡರೆ ಕೂಡಲೇ ತೊಳೆದು, ನೆಕ್ಕಿದ ಅನುಮಾನ ಇದ್ದರೆ ಗಂಟೆಯೂ ಕಾಯದೆ ವೈದ್ಯರ ಬಳಿ ಹೋಗಬೇಕು. ಚೆಲ್ಲಿದ ಕೂಲೆಂಟ್ ಮೇಲೆ ಮಣ್ಣೋ ಮರದ ಪುಡಿಯೋ ಹಾಕಿ ಅಲ್ಲೇ ಗುಡಿಸಿ ತೆಗೆಯಿರಿ.

ಇಲಿ ಹಿಡಿಯುವ ಅಂಟು: ಬೆಕ್ಕು ಇರುವ ಅಂಗಡಿಯಲ್ಲಿ ಅಂಟಿನ ಹಲಗೆ ಇಡುವುದೇ ತಪ್ಪು. ಇಲಿಗೆ ಇಟ್ಟದ್ದಕ್ಕೆ ಬೆಕ್ಕೇ ಬೀಳುತ್ತದೆ. ಸಿಕ್ಕಿಬಿದ್ದರೆ ಎಳೆಯಬೇಡಿ, ಕೂದಲಿನ ಜೊತೆ ಚರ್ಮ ಕಿತ್ತು ಬರುತ್ತದೆ. ಹಲಗೆಯ ಖಾಲಿ ಜಾಗಕ್ಕೆ ಕಾಗದ ಅಂಟಿಸಿ, ಇನ್ನಷ್ಟು ಅಂಟದ ಹಾಗೆ ಮಾಡಿ. ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ, ಅಂಟಿದ ಜಾಗಕ್ಕೆ ಸೂರ್ಯಕಾಂತಿ ಎಣ್ಣೆಯೋ ಬೇರೆ ಯಾವುದಾದರೂ ಅಡುಗೆ ಎಣ್ಣೆಯೋ ಸುರಿದು ಬೆರಳಿನಿಂದ ಮೆಲ್ಲಗೆ ತಿಕ್ಕುತ್ತಾ ಹೋಗಿ. ಅಂಟು ಎಣ್ಣೆಯಲ್ಲಿ ಕರಗಿ ಬಿಡುತ್ತದೆ. ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು. ಬಿಟ್ಟ ಮೇಲೆ ಎಣ್ಣೆಯನ್ನು ಮೇಲೆ ಹೇಳಿದ ಹಾಗೆ ತೆಗೆಯಿರಿ. ಮುಖ, ಕಣ್ಣು, ಮೂಗಿಗೆ ಅಂಟಿದ್ದರೆ ಹಲಗೆ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಡಾಂಬರು, ಹಲಸಿನ ಮೇಣ: ಎರಡಕ್ಕೂ ಎಣ್ಣೆಯೇ ಮದ್ದು. ಹಲಸಿನ ಹಣ್ಣು ಕೊಯ್ಯುವಾಗ ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚುವುದು ಗೊತ್ತೇ ಇದೆ. ಬೆಕ್ಕಿನ ಕೂದಲಿಗೂ ಅದೇ ಲೆಕ್ಕ. ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒರೆಸುತ್ತಾ ಬನ್ನಿ. ಕಾಲಿನ ಬೆರಳ ಸಂದಿಯಲ್ಲಿ ಸಿಕ್ಕಿರುವ ಡಾಂಬರನ್ನು ಮರೆಯಬೇಡಿ. ಬಿಸಿ ಡಾಂಬರು ಬಿದ್ದಿದ್ದರೆ ಅದು ಸುಟ್ಟ ಗಾಯ. ತಣ್ಣನೆಯ ನೀರು ಹಾಕಿ ಆಸ್ಪತ್ರೆಗೆ ಒಯ್ಯಿರಿ, ಕೀಳಬೇಡಿ.

ಅರಿಶಿನ: ಇದು ವಿಷ ಅಲ್ಲ, ನೋಡಲು ಕೆಟ್ಟದಾಗಿ ಕಾಣುತ್ತದೆ ಅಷ್ಟೇ. ಪುಡಿಯನ್ನು ಒಣಗಿದ್ದಾಗಲೇ ಬಾಚಿ ತೆಗೆಯಿರಿ. ಅರಿಶಿನದ ಬಣ್ಣ ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಬೇಬಿ ಶಾಂಪೂ ಹಾಕಿ ತೊಳೆಯಿರಿ. ಸೋಪು ಹಾಕಿದರೆ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ತಾಗಿದಾಗ ಆಗುವ ಬಣ್ಣವೇ ಅದು. ರಕ್ತ ಬಂತು ಅಂತ ಗಾಬರಿ ಬೀಳಬೇಡಿ, ನೀರು ಹಾಕಿ ತೊಳೆಯಿರಿ. ಉಳಿದ ತಿಳಿ ಹಳದಿ ದಿನದ ಬೆಳಕಿಗೆ ತಾನೇ ಮಾಸುತ್ತದೆ. ಅದಕ್ಕಾಗಿ ಬೆಕ್ಕನ್ನು ಬಿಸಿಲಲ್ಲಿ ಕಟ್ಟಿಹಾಕಬೇಡಿ.

ಕುಂಕುಮ, ಹೋಳಿ ಬಣ್ಣ: ನೀರು ಬೀಳುವ ಮೊದಲೇ ಒಣ ಬಟ್ಟೆಯಿಂದ ಕೊಡವಿ, ಬಾಚಿ ತೆಗೆಯಬೇಕು. ಮೊದಲೇ ನೀರು ಹಾಕಿದರೆ ಬಣ್ಣ ಕೂದಲಿಗೆ ಹಿಡಿದುಬಿಡುತ್ತದೆ. ಕೃತಕ ಬಣ್ಣ ನೆಕ್ಕಿದರೆ ಹೊಟ್ಟೆಗೆ ಒಳ್ಳೆಯದಲ್ಲ, ಹಾಗಾಗಿ ಬೇಗ ತೊಳೆಯಿರಿ. ಹೋಳಿ ದಿನ ಬಿಳಿ ಬೆಕ್ಕನ್ನು ಒಳಗೆ ಕೂಡಿಹಾಕುವುದು ಎಲ್ಲಕ್ಕಿಂತ ಸುಲಭ.

ಅಡಿಕೆ ಚೊಗರು: ಅಡಿಕೆ ಬೇಯಿಸುವ ಹಂಗಾಮಿನಲ್ಲಿ ಮಲೆನಾಡಿನ ಬಿಳಿ ಬೆಕ್ಕುಗಳಿಗೆ ಇದು ತಪ್ಪಿದ್ದಲ್ಲ. ಚೊಗರಿನಲ್ಲಿರುವ ಟ್ಯಾನಿನ್ ಕೂದಲಿಗೆ ಬಣ್ಣವಾಗಿಯೇ ಹಿಡಿಯುತ್ತದೆ. ಹಸಿ ಇದ್ದಾಗ ಸಾದಾ ನೀರಿನಿಂದ ತೊಳೆದರೆ ಸ್ವಲ್ಪ ಹೋಗುತ್ತದೆ. ಒಣಗಿದ ಮೇಲೆ ಏನು ಮಾಡಿದರೂ ಹೋಗಲ್ಲ. ಆ ಕೂದಲು ಉದುರಿ ಹೊಸದು ಬರುವವರೆಗೆ ಕಾಯುವುದಷ್ಟೇ ದಾರಿ.

ಸುಣ್ಣ, ಸಿಮೆಂಟ್: ಬೀಡಾ ಅಂಗಡಿ, ಹಾರ್ಡ್‌ವೇರ್ ಅಂಗಡಿಯವರು ಎಚ್ಚರ. ಎರಡೂ ಗಾಢ ಕ್ಷಾರ, ಒದ್ದೆಯಾದರೆ ಚರ್ಮ ಸುಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡು ಒಣ ಪುಡಿಯನ್ನು ಮೊದಲು ಪೂರ್ತಿ ಕೊಡವಿ ತೆಗೆಯಿರಿ. ಆಮೇಲೆ ಧಾರಾಳ ನೀರಿನಿಂದ ತೊಳೆಯಿರಿ. ಸ್ವಲ್ಪ ನೀರು ಚಿಮುಕಿಸಿ ಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಹುಳಿಗೆ ಕ್ಷಾರ ಹೋಗುತ್ತದೆ ಅಂತ ವಿನೆಗರ್, ನಿಂಬೆಹಣ್ಣು ಹಾಕಬೇಡಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಬಿಟ್ಟು, ಹಾಗೇ ಆಸ್ಪತ್ರೆಗೆ ಹೋಗಿ.

ಒಲೆ ಬೂದಿ, ಮಸಿ: ಒಲೆಯಲ್ಲಿ ಬೆಕ್ಕು ಮಲಗಿದೆ ಅಂದರೆ ಮನೆಯಲ್ಲಿ ಬಡತನ ಅನ್ನುವ ಮಾತಿದೆ. ಬಡತನ ಇರಲಿ ಬಿಡಲಿ, ಬೆಚ್ಚಗಿನ ಒಲೆ ಕಂಡರೆ ಬೆಕ್ಕು ಬಿಡಲ್ಲ. ಬೂದಿಯೂ ಕ್ಷಾರವೇ. ಒಣಗಿದ್ದಾಗಲೇ ಬಾಚಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ರಾತ್ರಿ ಒಲೆಯ ಬಾಯಿಗೆ ಹಲಗೆ ಅಡ್ಡ ಇಡಿ, ಒಳಗೆ ಕೆಂಡ ಉಳಿದಿದ್ದರೆ ಪಾದ ಸುಟ್ಟುಕೊಳ್ಳುತ್ತದೆ.

ಪೇಂಟ್: ನೀರಿನಲ್ಲಿ ಕರಗುವ ಗೋಡೆ ಪೇಂಟ್ ಹಸಿ ಇದ್ದರೆ ಬೆಚ್ಚಗಿನ ನೀರು, ಬೇಬಿ ಶಾಂಪೂ ಸಾಕು. ಆಯಿಲ್ ಪೇಂಟ್ ಆದರೆ ಅಡುಗೆ ಎಣ್ಣೆ ಹಚ್ಚಿ ಒರೆಸಿ, ಥಿನ್ನರ್ ಬೇಡ. ಒಣಗಿ ಗಟ್ಟಿಯಾಗಿದ್ದರೆ ಕೂದಲ ತುದಿಯನ್ನು ಟ್ರಿಮ್ಮರ್‌ನಿಂದ ತೆಗೆಯುವುದೇ ಸರಿ.

ಹಿಂಭಾಗದ ಮೂತ್ರ, ಭೇದಿ ಕಲೆ: ಉಗುರುಬೆಚ್ಚಗಿನ ನೀರಿನಿಂದ ಒರೆಸಿ ಒಣಗಿಸಿ. ಉದ್ದ ಕೂದಲಿನ ಬೆಕ್ಕಾದರೆ ಅಲ್ಲಿನ ಕೂದಲು ಸ್ವಲ್ಪ ಗಿಡ್ಡ ಮಾಡಿಸಬಹುದು. ಪದೇ ಪದೇ ಆಗುತ್ತಿದ್ದರೆ ಹೊಟ್ಟೆಯ ಸಮಸ್ಯೆ, ತೋರಿಸಬೇಕು. ಗಂಡು ಬೆಕ್ಕು ಮೂತ್ರಕ್ಕೆ ಕೂತು ತಿಣುಕಿದರೂ ಬಾರದಿದ್ದರೆ ಅದು ತುರ್ತು ಸ್ಥಿತಿ, ಒಂದು ದಿನವೂ ಕಾಯಬಾರದು.

ಕಣ್ಣಿನ ಕೆಳಗಿನ ಕಂದು ಗೆರೆ: ಚಪ್ಪಟೆ ಮೂತಿಯ ಪರ್ಷಿಯನ್ ಬೆಕ್ಕುಗಳಲ್ಲಿ ಕಣ್ಣೀರು ಹರಿದು ಕಲೆಯಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಕಣ್ಣಿನ ಒಳಮೂಲೆಯಿಂದ ಹೊರಕ್ಕೆ ಒರೆಸಿ. ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಒಂದೇ ಕಣ್ಣಲ್ಲಿ ನೀರು, ಹಳದಿ ಅಥವಾ ಹಸಿರು ಪಿಸರು, ಕಣ್ಣು ಮುಚ್ಚಿಕೊಳ್ಳುವುದು ಇದ್ದರೆ ಸೋಂಕು.

ಆಗಲೇ ನೆಕ್ಕಿಬಿಟ್ಟಿದ್ದರೆ?

ಜೊಲ್ಲು ಸುರಿಸುವುದು, ವಾಂತಿ, ಬಾಯಿ ಉಜ್ಜಿಕೊಳ್ಳುವುದು, ನಡುಕ, ತೂರಾಡುವುದು, ಉಸಿರಾಟ ಜೋರಾಗುವುದು. ಇವುಗಳಲ್ಲಿ ಒಂದು ಕಂಡರೂ ವಿಷ ಏರಿದೆ ಅಂತಲೇ ತಿಳಿಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಸೀಮೆಎಣ್ಣೆ, ಪೆಟ್ರೋಲ್‌ನಂಥದ್ದು ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದು ಇನ್ನೂ ದೊಡ್ಡ ಅಪಾಯ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಅನ್ನುವುದನ್ನು ನಂಬಿ ಹೊತ್ತು ಕಳೆಯಬೇಡಿ. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ.

ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ, ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಹಾಕಿ, ಅಂಟಿದ ವಸ್ತುವಿನ ಬಾಟಲಿ ಅಥವಾ ಪ್ಯಾಕೆಟ್ ಜೊತೆಗೇ ತೆಗೆದುಕೊಂಡು ಹೋಗಿ. ಒಳಗೆ ಏನಿತ್ತು ಅಂತ ವೈದ್ಯರಿಗೆ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆ ದನ, ಎಮ್ಮೆಗೆ ಮಾತ್ರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಬೆಕ್ಕು, ನಾಯಿಯನ್ನೂ ತೋರಿಸಬಹುದು. ಪಶುಪಾಲನಾ ಇಲಾಖೆಯ ಸಹಾಯವಾಣಿ ಸಂಖ್ಯೆ 1962.

ಕಚ್ಚಿದರೆ, ಪರಚಿದರೆ ಸುಮ್ಮನಿರಬೇಡಿ

ಸ್ನಾನ ಮಾಡಿಸುವಾಗ ಪರಚುವುದು, ಕಚ್ಚುವುದು ಸಹಜ. ಆದರೆ ಸಣ್ಣ ಗಾಯ ಅಂತ ಬಿಡುವಂತಿಲ್ಲ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವುದು ಅಸಾಧ್ಯದ ಮಾತು. ಗಾಯವನ್ನು ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಬಗ್ಗೆ ಕೇಳಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಕೈ ಊದಿಕೊಳ್ಳುವುದೂ ಬೇಗ. ಅಂಗಡಿ ಬೆಕ್ಕಿಗೆ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿಟ್ಟರೆ ಮನೆಯವರಿಗೂ, ಗಿರಾಕಿಗಳಿಗೂ ನೆಮ್ಮದಿ.

ಬೆಕ್ಕಿನ ಮೈಮೇಲೆ ದುಂಡಗೆ ಕೂದಲು ಉದುರಿ ಬೂದು ಪೊರೆ ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಇದು ಮುಟ್ಟಿದವರಿಗೂ ಹರಡುತ್ತದೆ. ಮಕ್ಕಳನ್ನು ದೂರ ಇಟ್ಟು ವೈದ್ಯರಿಗೆ ತೋರಿಸಿ.

ಮತ್ತೆ ಗಲೀಜಾಗದ ಹಾಗೆ

ಅಂಗಡಿಯ ಒಂದು ಮೂಲೆಯಲ್ಲಿ ರಟ್ಟಿನ ಡಬ್ಬ ಇಟ್ಟು ಗೋಣಿಚೀಲ ಹಾಸಿದರೆ ಬೆಕ್ಕು ಮಸಾಲೆ ಮೂಟೆ ಬಿಟ್ಟು ಅಲ್ಲೇ ಮಲಗುತ್ತದೆ. ವಾರಕ್ಕೆ ಎರಡು ಸಲ, ಉದ್ದ ಕೂದಲಿನದ್ದಾದರೆ ದಿನಾ ಬಾಚಿ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಒಳಗೆ ಬಿಡಬೇಡಿ. ಮಳೆಗಾಲದಲ್ಲಿ, ಚಳಿಯಲ್ಲಿ ಕಾರು, ಆಟೋ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ. ಬೆಚ್ಚಗಿರುತ್ತದೆ ಅಂತ ಇಂಜಿನ್ ಹತ್ತಿರ ಹತ್ತಿ ಕೂತ ಬೆಕ್ಕಿಗೆ ಗ್ರೀಸ್ ಅಂಟುವುದಷ್ಟೇ ಅಲ್ಲ, ಫ್ಯಾನ್‌ಗೆ ಸಿಕ್ಕಿ ಸಾಯುವುದೂ ಉಂಟು. ಸಂತಾನಹರಣ ಮಾಡಿಸಿದ ಬೆಕ್ಕು ಊರೂರು ಅಲೆಯುವುದು, ಕಚ್ಚಾಡುವುದು ಕಡಿಮೆ. ಬಾಲದ ಬುಡದ ಜಿಡ್ಡೂ ಕಡಿಮೆಯಾಗುತ್ತದೆ.

ಎಷ್ಟು ತೊಳೆದರೂ ಹೋಗದ ಚೊಗರಿನ ಕಲೆ, ಅರಿಶಿನದ ಛಾಯೆ ಉಳಿದರೆ ಉಳಿಯಲಿ. ಬೆಕ್ಕಿನ ಕೂದಲು ಉದುರಿ ಹೊಸದು ಬರುತ್ತಲೇ ಇರುತ್ತದೆ, ಕೆಲವು ತಿಂಗಳಲ್ಲಿ ಕಲೆಯೂ ಅದರ ಜೊತೆ ಹೋಗುತ್ತದೆ. ಕಂದು ಕಲೆ ಇದ್ದರೂ ಇಲಿ ಹಿಡಿಯುವ ಕೆಲಸ ನಿಲ್ಲಲ್ಲ. ಬೆಳ್ಳಗೆ ಮಾಡುವ ಹಠಕ್ಕೆ ಫಿನಾಯಿಲ್ ಡಬ್ಬಕ್ಕೆ ಕೈ ಹಾಕದಿದ್ದರೆ ಸಾಕು.